ಸಾರಾ ಸಿಡನ್ಸ್: ಅಲೆಮಾರಿ ನಾಟಕ ಮಂಡಲಿಯ ಮಗಳು

ಇಂಗ್ಲೆಂಡಿನ ರಂಗಭೂಮಿಯಲ್ಲಿ ದುರಂತ ಪಾತ್ರಗಳ ಮಾತು ಬಂದಾಗ ವಿಮರ್ಶಕರು ಇಂದಿಗೂ ಮೊದಲು ನೆನೆಯುವುದು ಸಾರಾ ಸಿಡನ್ಸಳನ್ನು. ಧ್ವನಿಯನ್ನಾಗಲಿ ಚಲನೆಯನ್ನಾಗಲಿ ಹಿಡಿದಿಡುವ ಯಂತ್ರಗಳಿಲ್ಲದ ಕಾಲದಲ್ಲಿ ಆಕೆ ನಟಿಸಿದಳು. ಉಳಿದಿರುವುದು ಕೆಲವು ಚಿತ್ರಪಟಗಳು, ಕಾಗದಗಳು, ಮತ್ತು ಕಣ್ಣಾರೆ ಕಂಡವರು ಬರೆದಿಟ್ಟ ಮಾತುಗಳು. ಇಷ್ಟರ ಬಲದಿಂದಲೇ ಎರಡು ಶತಮಾನಗಳನ್ನು ದಾಟಿ ಬಂದ ಕೀರ್ತಿ ಅದು.

1755ರ ಜುಲೈ 5ರಂದು ವೇಲ್ಸ್ ಪ್ರಾಂತದ ಬ್ರೆಕನ್ ಎಂಬ ಊರಿನ ಒಂದು ಪಾನಗೃಹದಲ್ಲಿ ಸಾರಾ ಹುಟ್ಟಿದಳು. ತಂದೆ ರೋಜರ್ ಕೆಂಬಲ್ ಊರೂರು ತಿರುಗುವ ನಾಟಕ ಮಂಡಲಿಯೊಂದರ ಯಜಮಾನ. ತಾಯಿ ನಟಿ, ಆಕೆಯ ತಂದೆಯೂ ಅಂಥದೇ ಮಂಡಲಿಯ ಒಡೆಯನಾಗಿದ್ದವನು. ಹನ್ನೆರಡು ಮಕ್ಕಳಲ್ಲಿ ಸಾರಾ ಹಿರಿಯಳು. ತಮ್ಮಂದಿರಾದ ಜಾನ್ ಫಿಲಿಪ್, ಸ್ಟೀಫನ್, ಚಾರ್ಲ್ಸ್ ಮೂವರೂ ಮುಂದೆ ಹೆಸರಾಂತ ನಟರಾದರು. ಇಂಥ ಮನೆಯಲ್ಲಿ ಮಗು ನಡೆಯಲು ಕಲಿಯುವುದೇ ರಂಗದ ಮೇಲೆ. ಎಳೆಯ ಸಾರಾಳನ್ನು ಕಂಡು ಪ್ರೇಕ್ಷಕರು, ಇಷ್ಟು ಚಿಕ್ಕ ಮಗುವಿನಿಂದ ಏನಾದೀತೆಂದು ಗದ್ದಲ ಮಾಡಿದರಂತೆ. ತಾಯಿ ಮಗಳ ಕೈ ಹಿಡಿದು ಮುಂದೆ ತಂದು, ಹುಡುಗರೂ ಕಪ್ಪೆಗಳೂ ಇರುವ ನೀತಿಕಥೆಯೊಂದನ್ನು ಆಕೆಯ ಬಾಯಲ್ಲಿ ಹೇಳಿಸಿದಳು. ಗದ್ದಲ ಚಪ್ಪಾಳೆಯಾಯಿತು.

ಆಗಿನ ನಟರ ಪಾಡು ಸುಖದ್ದಾಗಿರಲಿಲ್ಲ. 1737ರ ಕಾನೂನಿನಂತೆ ರಾಜಸನದು ಪಡೆದ ನಾಟಕಶಾಲೆಗಳ ಹೊರಗೆ ಹಣ ತೆಗೆದುಕೊಂಡು ನಾಟಕವಾಡುವುದು ಅಪರಾಧ. ಬಡ ಮಂಡಲಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದವು: ಟಿಕೆಟು ಸಂಗೀತ ಕಛೇರಿಗೆ, ಅದರ ನಡುವೆ ಆಡುವ ನಾಟಕ ಪುಕ್ಕಟೆ! ಹೊಟ್ಟೆಪಾಡಿನ ಮುಂದೆ ಕಾನೂನಿನ ಕಣ್ಣಿಗೆ ಮಣ್ಣೆರಚುವುದು ಯಾವ ದೇಶದಲ್ಲಿಯೂ ಹೊಸತಲ್ಲವಷ್ಟೆ.

ಇಷ್ಟು ಕಷ್ಟ ಕಂಡ ತಾಯಿತಂದೆಗಳು ಮಗಳು ನಟನನ್ನು ವರಿಸುವುದನ್ನು ಒಪ್ಪಲಿಲ್ಲ. ಮಂಡಲಿಯ ನಟ ವಿಲಿಯಂ ಸಿಡನ್ಸನಲ್ಲಿ ಸಾರಾಳ ಮನಸ್ಸು ನೆಟ್ಟದ್ದನ್ನು ಅರಿತು, ಆಕೆಯನ್ನು ವಾರಿಕ್‌ಷೈರಿನ ಶ್ರೀಮಂತ ಮಹಿಳೆಯೊಬ್ಬಳ ಮನೆಗೆ ಪರಿಚಾರಿಕೆಯಾಗಿ ಕಳುಹಿಸಿದರು. ಮಗಳು ಮಣಿಯಲಿಲ್ಲ. 1773ರ ನವೆಂಬರಿನಲ್ಲಿ, ಹದಿನೆಂಟರ ಪ್ರಾಯದಲ್ಲಿ, ಆತನನ್ನೇ ಮದುವೆಯಾದಳು.

ಎರಡು ವರ್ಷಗಳಲ್ಲಿ ಆಕೆಯ ಹೆಸರು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯ ಯಜಮಾನನೂ ಯುಗದ ಮಹಾನಟನೂ ಆದ ಡೇವಿಡ್ ಗ್ಯಾರಿಕ್‌ನ ಕಿವಿಗೆ ಬಿತ್ತು. ಕರೆ ಬಂದಾಗ ಸಾರಾ ಗರ್ಭಿಣಿ. 1775ರ ನವೆಂಬರ್ 5ರಂದು ಎರಡನೆಯ ಮಗು ಸ್ಯಾಲಿ ಹುಟ್ಟಿದಳು. ಎಂಟು ವಾರ ತುಂಬುವ ಮೊದಲೇ, ಡಿಸೆಂಬರ್ 29ರಂದು, ಬಾಣಂತಿ ಪೋರ್ಷಿಯಳಾಗಿ ರಂಗವೇರಿದಳು. ಕಾಲು ನಡುಗಿತು, ಧ್ವನಿ ಆ ವಿಶಾಲ ಸಭಾಂಗಣವನ್ನು ತುಂಬಲಿಲ್ಲ. ಪತ್ರಿಕೆಗಳು ಕರುಣೆ ತೋರಲಿಲ್ಲ. ಮರುವರ್ಷ ಗ್ಯಾರಿಕ್ ನಿವೃತ್ತನಾದ. ಬರ್ಮಿಂಗ್‌ಹ್ಯಾಮಿನಲ್ಲಿ ನಟಿಸುತ್ತಿದ್ದ ಸಾರಾಳಿಗೆ, ಇನ್ನು ನಿನ್ನ ಅವಶ್ಯಕತೆಯಿಲ್ಲವೆಂಬ ಕಾಗದ ಬಂದಿತು. ಕಾಗದಕ್ಕೆ ಸಹಿ ಹಾಕಿದ್ದವನು ಯಜಮಾನನಲ್ಲ. ಪರದೆಯ ಮರೆಯಲ್ಲಿ ನಿಂತು ಮಾತು ಒದಗಿಸುವ ನೌಕರ. ಈ ಅವಮಾನವನ್ನು ಆಕೆ ಬದುಕಿರುವವರೆಗೂ ಮರೆಯಲಿಲ್ಲ. ಬಾಣಂತನದ ನಿಶ್ಶಕ್ತಿಯನ್ನು ಲೆಕ್ಕಕ್ಕೆ ತಂದುಕೊಂಡ ವಿಮರ್ಶಕನೊಬ್ಬನಾದರೂ ಇದ್ದನೇ ಎಂದು ಕೇಳಬೇಕೆನಿಸುತ್ತದೆ.

ಮುಂದಿನ ಆರು ವರ್ಷ ಮ್ಯಾಂಚೆಸ್ಟರ್, ಯಾರ್ಕ್, ಬಾತ್, ಬ್ರಿಸ್ಟಲ್. ಬಾತ್ ನಗರದಲ್ಲಿ ವಾರಕ್ಕೆ 3 ಪೌಂಡು ಸಂಬಳ. ಹಗಲು ಮಕ್ಕಳ ಆರೈಕೆ ಮತ್ತು ತಾಲೀಮು, ಸಂಜೆ ನಾಟಕ, ನಡುರಾತ್ರಿ ಮಾತುಗಳ ಬಾಯಿಪಾಠ. ಇಪ್ಪತ್ತರ ಆಸುಪಾಸಿನಲ್ಲಿ ಹೀಗೆಯೇ ಒಂದು ರಾತ್ರಿ ಲೇಡಿ ಮ್ಯಾಕ್‌ಬೆತ್ತಳ ಪಾತ್ರವನ್ನು ಕೈಗೆತ್ತಿಕೊಂಡಿದ್ದಳು. ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರತಾಪರುದ್ರದೇವ’ವೆಂದು ಕನ್ನಡಕ್ಕೆ ತಂದ ನಾಟಕವೇ ಅದು, ಕಥೆ ಓದುಗರಿಗೆ ಪರಿಚಿತ. ಮನೆಯೆಲ್ಲ ಮಲಗಿತ್ತು. ಕೊಲೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಸಾರಾಳನ್ನು ಭಯ ಆವರಿಸಿತು. ದೀಪವನ್ನೆತ್ತಿಕೊಂಡು ಮೆಟ್ಟಿಲೇರಿ ಓಡಿದಳು. ತನ್ನದೇ ರೇಷ್ಮೆಯುಡುಪಿನ ಸರಸರ ಸದ್ದು ಬೆನ್ನಟ್ಟಿ ಬರುವ ಪಿಶಾಚಿಯದೆಂದು ತೋರಿತು. ಗಂಡ ಗಾಢನಿದ್ರೆಯಲ್ಲಿದ್ದ. ಉಟ್ಟ ಬಟ್ಟೆಯಲ್ಲಿಯೇ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಇದನ್ನು ಆಕೆಯೇ ಬರೆದಿಟ್ಟಿದ್ದಾಳೆ.

1782ರಲ್ಲಿ ಲಂಡನ್ ಮತ್ತೆ ಕರೆಯಿತು. ಬಾತ್ ನಗರದ ಪ್ರೇಕ್ಷಕರನ್ನು ಬೀಳ್ಕೊಳ್ಳುವಾಗ, ತಾನು ಹೊರಟಿರುವುದಕ್ಕೆ ಮೂರು ಕಾರಣಗಳಿವೆಯೆಂದು ಹೇಳಿ ತನ್ನ ಮೂವರು ಮಕ್ಕಳನ್ನು ರಂಗದ ಮೇಲೆ ತಂದು ನಿಲ್ಲಿಸಿದಳು. ಅಕ್ಟೋಬರ್ 10ರಂದು, ತಿರಸ್ಕಾರವುಂಡ ಅದೇ ಡ್ರೂರಿ ಲೇನಿನಲ್ಲಿ, ಇಸಬೆಲ್ಲಾ ಎಂಬ ನತದೃಷ್ಟ ತಾಯಿಯ ಪಾತ್ರ. ನಾಟಕದ ಮಗುವಾಗಿ ಹೆತ್ತ ಮಗ ಹೆನ್ರಿಯೇ ಇದ್ದ. ತಾಲೀಮಿನಲ್ಲಿ ಅಮ್ಮ ಸಾಯುವುದನ್ನು ಕಂಡು, ನಿಜವೆಂದೇ ನಂಬಿ, ಆ ಬಾಲಕ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಿದ್ದನು. ಆ ರಾತ್ರಿ ಇಡಿಯ ಸಭಾಂಗಣ ಅವನಂತೆಯೇ ಅತ್ತಿತು. ನಾಟಕ ಮುಗಿದ ಮೇಲೆ ತಂದೆ, ಗಂಡ, ಆಕೆ, ಮೂವರೇ ಸರಳವಾದ ಊಟಕ್ಕೆ ಕುಳಿತರು. ವಿಲಿಯಂ ಆಗೊಮ್ಮೆ ಈಗೊಮ್ಮೆ ಸಂತೋಷದ ಉದ್ಗಾರ ತೆಗೆಯುತ್ತಿದ್ದ, ಉಳಿದಂತೆ ಮಾತಿಲ್ಲ. ಮುದುಕ ರೋಜರ್ ಊಟದ ನಡುವೆ ಕೈಯಲ್ಲಿದ್ದ ಚೂರಿಯನ್ನು ಕೆಳಗಿಟ್ಟು, ನರೆತ ತಲೆಯನ್ನು ಹಿಂದಕ್ಕೊರಗಿಸಿ ಕಣ್ಣೀರು ಸುರಿಸಿದನು. ರಂಗದ ಮೇಲಿನ ದೃಶ್ಯಕ್ಕಿಂತಲೂ ಈ ಊಟದ ಮನೆಯ ದೃಶ್ಯವೇ ನನಗೆ ಹೆಚ್ಚು ಪ್ರಿಯ.

ಅಲ್ಲಿಂದ ಮುಂದೆ ಯಶಸ್ಸಿನ ಕಥೆ. ಅದನ್ನು ಬೇಗ ಹೇಳಬಹುದು. ಅರಮನೆಯ ರಾಜಕುಮಾರಿಯರಿಗೆ ಇಂಗ್ಲಿಷ್ ವಾಚನ ಕಲಿಸುವ ಗೌರವ ದೊರೆಯಿತು, ಸಂಬಳವಿಲ್ಲದೆ. ಚಿತ್ರಕಾರ ರೆನಾಲ್ಡ್ಸ್ 1784ರಲ್ಲಿ ಆಕೆಯನ್ನು ದುರಂತ ನಾಟಕದ ಅಧಿದೇವತೆಯಾಗಿ ಚಿತ್ರಿಸಿ, ತನ್ನ ಹೆಸರನ್ನು ಆಕೆಯ ಉಡುಪಿನ ಅಂಚಿನ ಮೇಲೆ ಬರೆದನು. 1785ರ ಫೆಬ್ರವರಿ 2ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಲೇಡಿ ಮ್ಯಾಕ್‌ಬೆತ್ತಳಾದಳು. ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಹಿಂದಿನ ನಟಿ ಕೈಯ ದೀಪವನ್ನು ಕೆಳಗಿಟ್ಟಿರಲಿಲ್ಲ. ಸಾರಾ ಇಡುವೆನೆಂದಳು. ಕೈಯ ರಕ್ತವನ್ನು ತೊಳೆದುಕೊಳ್ಳುವವಳಿಗೆ ಎರಡು ಕೈಗಳೂ ಬೇಡವೇ? ಯಜಮಾನ ಷೆರಿಡನ್ ಅದೇ ರಾತ್ರಿ ಬಣ್ಣದ ಕೋಣೆಗೆ ಬಂದು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ನಾಟಕ ಮುಗಿದ ಮೇಲೆ ಅಭಿನಂದಿಸಿದವರಲ್ಲಿ ಅವನೂ ಇದ್ದ. ರಂಗದ ಗಾಂಭೀರ್ಯ ಆಕೆಯನ್ನು ಮನೆಯಲ್ಲಿಯೂ ಬಿಡುತ್ತಿರಲಿಲ್ಲವಂತೆ. ಬಟ್ಟೆಯಂಗಡಿಯಲ್ಲಿ, ಇದು ಒಗೆತಕ್ಕೆ ತಡೆದೀತೇ ಎಂದು ಆಕೆ ಕೇಳಿದ ಧ್ವನಿಗೆ ಅಂಗಡಿಯವನು ಬೆಚ್ಚಿಬಿದ್ದನೆಂಬ ಕಥೆಯೂ ಪ್ರಚಾರದಲ್ಲಿದೆ.

ಆದರೆ ಗಳಿಸಿದ ಹಣ ಆಕೆಯದಾಗಿರಲಿಲ್ಲ. ಆ ದೇಶದ ಅಂದಿನ ಕಾನೂನಿನಂತೆ ಹೆಂಡತಿಯ ಸಂಪಾದನೆ ಗಂಡನ ಸ್ವತ್ತು. ಷೆರಿಡನ್ ಸಂಬಳವನ್ನು ಬಾಕಿಯಿಡುತ್ತಿದ್ದ. ಬಂದದ್ದು ವಿಲಿಯಮನ ಕೈ ಸೇರುತ್ತಿತ್ತು. ಕೊನೆಗೆ ದಂಪತಿಗಳು ಬೇರೆ ಬೇರೆಯಾಗಿ ಬಾಳಿದರು.

ಅದಕ್ಕಿಂತ ಕ್ರೂರವಾದದ್ದು ಹೆಣ್ಣುಮಕ್ಕಳ ಕಥೆ. ಚಿತ್ರಕಾರ ಥಾಮಸ್ ಲಾರೆನ್ಸ್ ಮೊದಲು ಹಿರಿಯವಳಾದ ಸ್ಯಾಲಿಯನ್ನು ಮೆಚ್ಚಿ, ಬಳಿಕ ತಂಗಿ ಮರಿಯಾಳತ್ತ ತಿರುಗಿ, ಮತ್ತೆ ಅಕ್ಕನಿಗೇ ಮನಸೋತನು. ಕ್ಷಯದಿಂದ ನವೆದ ಮರಿಯಾ 1798ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಾಯುವ ಮುನ್ನ, ಆತನನ್ನು ಎಂದಿಗೂ ಮದುವೆಯಾಗುವುದಿಲ್ಲವೆಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದಳು. ಸ್ಯಾಲಿ ಆ ಮಾತನ್ನು ಉಳಿಸಿಕೊಂಡಳು. 1803ರಲ್ಲಿ ತಾನೂ ಹೊರಟುಹೋದಳು. ಆಗ ತಾಯಿ ಐರ್ಲೆಂಡಿನ ನಾಟಕಪ್ರವಾಸದಲ್ಲಿದ್ದಳು. ಆಕೆ ಮನೆ ಮುಟ್ಟುವ ಮೊದಲೇ ಸುದ್ದಿ ಆಕೆಯನ್ನು ಮುಟ್ಟಿತು. ಹೆತ್ತ ಏಳು ಮಕ್ಕಳಲ್ಲಿ ಐವರನ್ನು ಆಕೆ ಕಳೆದುಕೊಂಡಳು. ಉಳಿದವರು ಕಿರಿಯ ಮಗಳು ಸೆಸಿಲಿಯಾ, ಮತ್ತು ಕಂಪನಿ ಸರಕಾರದ ನೌಕರಿಗೆಂದು ದೂರದ ಕಲ್ಕತ್ತೆಗೆ ಬಂದ ಮಗ ಜಾರ್ಜ್.

1812ರ ಜೂನ್ 29ರಂದು ಕೊವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಬೀಳ್ಕೊಡುಗೆಯ ಪ್ರದರ್ಶನ; ಪಾತ್ರ ಲೇಡಿ ಮ್ಯಾಕ್‌ಬೆತ್ತಳದೇ. ನಿದ್ದೆಯಲ್ಲಿ ನಡೆಯುವ ದೃಶ್ಯ ಮುಗಿದೊಡನೆ ಪ್ರೇಕ್ಷಕರು ಎದ್ದು ನಿಂತು, ಮುಂದಿನ ಭಾಗ ಬೇಡವೆಂದು ಕೂಗಿದರು. ನಾಟಕ ಅಲ್ಲಿಗೇ ನಿಂತಿತು.

ಆ ಮೇಲೆ ಹತ್ತೊಂಬತ್ತು ವರ್ಷ ಬದುಕಿದಳು. ಸಂಜೆ ತನ್ನೊಡನೆ ಕುಳಿತಿರುತ್ತಿದ್ದ ಕವಿ ಸ್ಯಾಮ್ಯುಯಲ್ ರೋಜರ್ಸ್‌ನಿಗೆ ಆಕೆ ಹೇಳುತ್ತಿದ್ದುದುಂಟು: ನಾಟಕಶಾಲೆಗೆ ಹೊರಡಲು ಯೋಚಿಸುತ್ತಿದ್ದ ಹೊತ್ತು ಇದೇ, ಮೊದಲು ಪಾತ್ರಕ್ಕೆ ತಕ್ಕ ಉಡುಪು ತೊಡುವ ಸಂತೋಷ, ಆಮೇಲೆ ಅಭಿನಯಿಸುವ ಸಂತೋಷ, ಈಗ ಅದೆಲ್ಲ ಮುಗಿಯಿತು ಎಂದು.