ವೈಫೈಗೂ ಉಂಟು ಚೆಕ್‌ಪೋಸ್ಟ್

ಜೊಯಿಡಾ ಕಡೆಯವನಾದ ನನಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಹೊಸದಲ್ಲ. ಬಿಇ ಓದಲು ಬಂದಮೇಲೆ ಗೊತ್ತಾಯಿತು, ವೈಫೈಗೂ ಅಂಥದ್ದೇ ಗೇಟ್ ಇದೆ. ಅದರ ಹೆಸರು ಕ್ಯಾಪ್ಟಿವ್ ಪೋರ್ಟಲ್. ಫೋನ್ ಕನೆಕ್ಟ್ ಆದರೂ ಗೇಟ್‌ವೇ ಇಂಟರ್ನೆಟ್‌ಗೆ ಬಿಡುವುದಿಲ್ಲ. ಮೊದಲು ಲಾಗಿನ್ ಪೇಜ್ ತೋರಿಸುತ್ತದೆ. ಪಾಸ್‌ವರ್ಡ್ ಸರಿಯಿದ್ದರೆ ಸಾಮಾನ್ಯವಾಗಿ ಫೋನಿನ ಮ್ಯಾಕ್ ವಿಳಾಸ ಬರೆದುಕೊಂಡು ದಾರಿ ಬಿಡುತ್ತದೆ. ರೈಲು ನಿಲ್ದಾಣಗಳ ರೈಲ್‌ವೈರ್ ವೈಫೈಯಲ್ಲಿ ಈ ಕೆಲಸ ಒಟಿಪಿಯದ್ದು.

ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲೇ ಸೂಚಿಸಿತ್ತು. ಅದು ಸರಿಯೇ. ಆದರೆ ನಮ್ಮಂಥ ಕಾಡಿನ ಊರಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲದಿದ್ದರೆ ಒಟಿಪಿ ಬರುವುದೆಲ್ಲಿಂದ? ವೈಫೈ ಎಲ್ಲರಿಗಿಂತ ಹೆಚ್ಚು ಬೇಕಾದವರೇ ಗೇಟಿನಾಚೆ ಉಳಿಯುತ್ತಾರೆ. ಗುರುತಿನ ಚೀಟಿಯ ಪ್ರತಿ ಪಡೆದು ವೋಚರ್ ಕೋಡ್ ಕೊಟ್ಟರೂ ಇದೇ ಗೇಟ್ ತೆರೆಯುತ್ತದೆ. ಹಳ್ಳಿಯ ಲೈಬ್ರರಿ, ಪಂಚಾಯಿತಿಗಳಲ್ಲಿ ವೈಫೈ ಹಾಕುವವರು ಇಷ್ಟು ನೆನಪಿಟ್ಟರೆ ಸಾಕು.