ಕೆಲಸದ ಕ್ರಮದಲ್ಲೇ ಓದಿಸಿಕೊಳ್ಳುವ ಕೋಡ್

ಡೇಟಾವನ್ನು ಹಂತದಿಂದ ಹಂತಕ್ಕೆ ದಾಟಿಸುತ್ತ ಸಂಸ್ಕರಿಸುವ ವ್ಯವಸ್ಥೆಗೆ ಪೈಪ್‌ಲೈನ್ ಎಂದು ಹೆಸರು. ತೋಟಕ್ಕೆ ನೀರು ಬಿಡುವ ಪೈಪುಗಳಂತೆ ಪ್ರೋಗ್ರಾಂಗಳನ್ನೂ ಒಂದಕ್ಕೊಂದು ಜೋಡಿಸುವಂತಿರಬೇಕೆಂದು ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕ್‌ಇಲ್‌ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ಸಾಧ್ಯವಾಗಿಸಿದರು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಸ್ಮಾಲ್‌ಟಾಕ್ ಈ ದಾರಿಯನ್ನು ಬೇಗ ಹಿಡಿಯಿತು. 2007ರಲ್ಲಿ ಸಿ ಶಾರ್ಪ್‌ಗೆ ಲಿಂಕ್ (LINQ) ಬಂತು, 2014ರ ಮಾರ್ಚ್‌ನಲ್ಲಿ ಜಾವಾ 8ರ ಜೊತೆ ಸ್ಟ್ರೀಮ್‌ಗಳು ಬಂದವು.

ಒಂದು ಅಂಗಡಿಯ ತಿಂಗಳ ಬಿಲ್ಲುಗಳಲ್ಲಿ ರದ್ದಾದವನ್ನು ಬಿಟ್ಟು, ಪ್ರತಿ ಗ್ರಾಹಕನ ಒಟ್ಟು ಮೊತ್ತ ತೆಗೆಯಬೇಕು ಎಂದಿಟ್ಟುಕೊಳ್ಳಬಹುದು. ಹಳೆಯ ಪದ್ಧತಿಯಲ್ಲಿ ಖಾಲಿ ಮ್ಯಾಪ್ ಸಿದ್ಧಮಾಡಿ, ಲೂಪ್ ಸುತ್ತಿ, ಒಳಗೆ ಇಫ್ ಹಾಕಿ, ಗ್ರಾಹಕನ ಹೆಸರು ಮೊದಲೇ ಇದೆಯೇ ಎಂದು ನೋಡಿ ಮೊತ್ತ ಕೂಡಬೇಕು. ಇದರಿಂದ ಸಿಗುವುದೇನು ಎಂದು ತಿಳಿಯಲು ಓದುವವರು ಇಡೀ ಲೂಪನ್ನು ಮನಸ್ಸಿನಲ್ಲೇ ಓಡಿಸಿ ನೋಡಬೇಕಾಗುತ್ತದೆ. ಸ್ಟ್ರೀಮ್‌ನಲ್ಲಾದರೆ ಫಿಲ್ಟರ್ ಬೇಡದ್ದನ್ನು ತೆಗೆಯುತ್ತದೆ, ಗ್ರೂಪಿಂಗ್‌ಬೈ ಗುಂಪು ಮಾಡಿ ಮೊತ್ತ ಕೂಡುತ್ತದೆ. ಕೆಲಸ ನಡೆಯುವ ಕ್ರಮವೇ ಓದುವ ಕ್ರಮವೂ ಆಗುತ್ತದೆ.

ಸ್ಟ್ರೀಮ್ ಬಳಸಿದ ಮಾತ್ರಕ್ಕೆ ಕೋಡ್ ತಿಳಿಯಾಗುವುದಿಲ್ಲ. ಫಿಲ್ಟರ್‌ನೊಳಗೆ ಐದಾರು ಸಾಲಿನ ಲ್ಯಾಂಬ್ಡಾ ತುರುಕಿದರೆ ಹಳೆಯ ಲೂಪಿನ ಗೋಜಲೇ ಮತ್ತೆ ಬರುತ್ತದೆ. ಆಬ್ಜೆಕ್ಟ್‌ಗಳು ನಿಜವಾಗಿ ನೆರವಾಗುವುದು ಇಲ್ಲಿ. ಬಿಲ್ ರದ್ದಾಗಿದೆಯೇ ಎಂಬುದನ್ನು ಬಿಲ್ ಕ್ಲಾಸ್‌ನ ಮೆಥಡ್ಡೇ ಹೇಳಬೇಕು. ಪೈಪ್‌ಲೈನ್ ಆ ಮೆಥಡ್‌ನ ಹೆಸರನ್ನಷ್ಟೇ ಕರೆಯಬೇಕು. ನಿಯಮ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು, ಆ ನಿಯಮವನ್ನು ಪ್ರತ್ಯೇಕವಾಗಿ ಪರೀಕ್ಷಿಸಲೂಬಹುದು. ಸಾಲಿಗೊಂದೇ ಹಂತ ಬರೆಯುವುದು ಚಿಕ್ಕ ಅಭ್ಯಾಸವೆನಿಸಿದರೂ ಕೋಡ್ ಪರಿಶೀಲಿಸುವವರಿಗೆ ದೊಡ್ಡ ಉಪಕಾರ. ಪ್ರತಿ ಬಿಲ್ಲನ್ನೂ ಬೇರೊಂದು ರೂಪಕ್ಕೆ ತರುವ ಮ್ಯಾಪ್ ಹಂತದೊಳಗಿನಿಂದ ಹೊರಗಿನ ಪಟ್ಟಿಯನ್ನು ಬದಲಿಸುವ ಕೋಡನ್ನಂತೂ ಬರೆಯಲೇಬಾರದು. ಹಾಗೆ ಬರೆದರೆ ಆ ಸಾಲನ್ನು ಓದಿದವರಿಗೆ ಅದು ಮಾಡುವ ಅರ್ಧ ಕೆಲಸ ಕಾಣುವುದೇ ಇಲ್ಲ.

ಫಿಲ್ಟರ್, ಮ್ಯಾಪ್‌ನಂಥ ನಡುವಿನ ಹಂತಗಳು ಬರೆದ ಕೂಡಲೇ ಓಡುವುದಿಲ್ಲ. ಫಲಿತಾಂಶ ಕೇಳುವ ಕೊನೆಯ ಹಂತ ಬಂದಾಗಲೇ ಕೆಲಸ ಶುರು. ಆದ್ದರಿಂದ ಫಿಲ್ಟರ್ ನಂತರ ಫೈಂಡ್‌ಫಸ್ಟ್ ಇದ್ದರೆ, ಹೊಂದುವ ಮೊದಲ ಬಿಲ್ ಸಿಕ್ಕೊಡನೆ ಉಳಿದವುಗಳನ್ನು ನೋಡುವ ಗೋಜಿಲ್ಲ. ಸಾರ್ಟೆಡ್ ಮಾತ್ರ ಹಾಗಲ್ಲ, ಅದಕ್ಕೆ ಎಲ್ಲವೂ ಕೈಗೆ ಬರಬೇಕು. ಬೇಡದ್ದನ್ನು ಮೊದಲೇ ತೆಗೆದು ಆಮೇಲೆ ವಿಂಗಡಿಸುವುದು ಲೇಸು. ಒಂದು ಸ್ಟ್ರೀಮ್ ಒಂದೇ ಸಲಕ್ಕೆ. ಎರಡನೇ ಸಲ ಬಳಸಿದರೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಶನ್ ಬರುತ್ತದೆ. ಹಾಗಾಗಿ ಆಬ್ಜೆಕ್ಟ್‌ನ ಫೀಲ್ಡ್‌ನಲ್ಲಿ ಸ್ಟ್ರೀಮ್ ಇಟ್ಟುಕೊಳ್ಳದೆ ಪಟ್ಟಿಯನ್ನೇ ಇಟ್ಟುಕೊಳ್ಳಬೇಕು. ನಡುವೆ ಇಣುಕಿ ನೋಡಲು ಪೀಕ್ ಇದೆ, ಅದು ದೋಷ ಹುಡುಕುವುದಕ್ಕಷ್ಟೇ. ಜಾವಾ 9ರ ನಂತರ ಕೌಂಟ್ ಕೆಲವೊಮ್ಮೆ ಹಂತಗಳನ್ನು ಓಡಿಸದೆಯೇ ಎಣಿಕೆ ಕೊಡುವುದರಿಂದ, ಪೀಕ್‌ನೊಳಗೆ ಅಗತ್ಯದ ಕೆಲಸ ಇಟ್ಟರೆ ಅದು ನಡೆಯದೇ ಹೋಗಬಹುದು.

ಫೈಲ್ ತೆರೆಯುವಂಥ, ಚೆಕ್ಡ್ ಎಕ್ಸೆಪ್ಶನ್ ಎಸೆಯುವ ಕೆಲಸಗಳು ಸ್ಟ್ರೀಮ್‌ನ ಲ್ಯಾಂಬ್ಡಾಗಳಿಗೆ ಒಗ್ಗುವುದಿಲ್ಲ. ಹಿಂದಿನ ಬಿಲ್ ನೋಡಿ ಮುಂದಿನದನ್ನು ತೀರ್ಮಾನಿಸುವ ಲೆಕ್ಕವೂ ಸ್ಟ್ರೀಮ್‌ನಲ್ಲಿ ತೊಡಕಾಗುತ್ತದೆ. ಇಂಥ ಕಡೆ ಸಾದಾ ಲೂಪೇ ಹೆಚ್ಚು ಸ್ಪಷ್ಟ, ಅದನ್ನು ಬಳಸಲು ಹಿಂಜರಿಯಬೇಕಿಲ್ಲ. ಹಿಂದಿನದನ್ನು ನೋಡಬೇಕಾದ ಲೆಕ್ಕಕ್ಕೆ ಈಗ ಇನ್ನೊಂದು ದಾರಿಯೂ ಇದೆ: 2025ರ ಮಾರ್ಚ್‌ನಲ್ಲಿ ಬಂದ ಜಾವಾ 24 ಗ್ಯಾದರರ್ ಎಂಬ ಸೌಲಭ್ಯವನ್ನು ಕಾಯಂ ಮಾಡಿದೆ. ನಡುವಿನ ಹಂತವೊಂದನ್ನು ಪ್ರೋಗ್ರಾಮರ್ ತಾನೇ ಬರೆದು, ಅದಕ್ಕೆ ಹೆಸರಿಟ್ಟು ಪೈಪ್‌ಲೈನ್‌ಗೆ ಸೇರಿಸಲು ಈಗ ಸಾಧ್ಯ.