ಗಣಕಯಂತ್ರದ ಮುದ್ರಾಪರೀಕ್ಷೆ

ಗಂಗರಸರು ದಾನಶಾಸನದ ತಾಮ್ರಪಟಗಳನ್ನು ಬಳೆಯೊಂದರಲ್ಲಿ ಕೋದು, ಅದಕ್ಕೆ ಆನೆಯ ಮುದ್ರೆಯನ್ನು ಹಾಕಿಸುತ್ತಿದ್ದರು. ಆದರೂ ಆ ವಂಶದ ಹೆಸರಿನ ಅನೇಕ ಪಟಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ಮುದ್ರೆಯಿದ್ದರೆ ಸಾಲದು, ಅದು ಯಾರದೆಂಬುದನ್ನು ಪರೀಕ್ಷಿಸಬೇಕು. ಗಣಕಯಂತ್ರಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯು ತಂತ್ರಾಂಶಗಳ ವಿಷಯದಲ್ಲಿ ಇದೇ ವಿವೇಕವನ್ನು ಪಾಲಿಸುತ್ತದೆ.

ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಬಗೆಗಳಿಗೆ ತಂತ್ರಾಂಶಗಳು ಭಂಡಾರವೊಂದರಿಂದ ಅಂತರಜಾಲದ ಮೂಲಕ ಬರುತ್ತವೆ. ಭಂಡಾರದವರು ತಮ್ಮ ಪಟ್ಟಿಗೆ ಗುಪ್ತ ಕೀಲಿಯಿಂದ ಸಹಿ ಮಾಡುತ್ತಾರೆ; ನಮ್ಮ ಯಂತ್ರವು ಅವರ ಬಹಿರಂಗ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸುತ್ತದೆ. ಡೆಬಿಯನ್‌ನಲ್ಲಿ ಈ ಏರ್ಪಾಡು 2007ರಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಿಂದ ನಡೆದುಬಂದಿದೆ. ಸಹಿ ಹೊಂದದಿದ್ದರೆ ಯಂತ್ರವು ದೋಷವನ್ನು ಸೂಚಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು ದಿನಾಂಕದ ತಪ್ಪು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶಾಲೆಗಳಲ್ಲಿ ಬೇಸಿಗೆ ರಜೆಯುದ್ದಕ್ಕೂ ಮುಚ್ಚಿಟ್ಟ ಹಳೆಯ ಯಂತ್ರದ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಇಂದಿನ ಸಹಿ ನಾಳಿನದಾಗಿ ತೋರುತ್ತದೆ. ಬ್ಯಾಟರಿ ಬದಲಿಸಿ ದಿನಾಂಕವನ್ನು ತಿದ್ದಿದರೆ ಸಾಕು.

ಎರಡನೆಯದು ಕೀಲಿ ಇಲ್ಲದಿರುವುದು ಅಥವಾ ಅದರ ಅವಧಿ ತೀರಿರುವುದು. ತಂತ್ರಾಂಶದ ಕರ್ತೃಗಳ ಅಧಿಕೃತ ತಾಣದಿಂದಲೇ ಹೊಸ ಕೀಲಿಯನ್ನು ಪಡೆದು, ಅದರ 40 ಅಕ್ಷರಗಳ ಬೆರಳಚ್ಚನ್ನು ಅವರು ಪ್ರಕಟಿಸಿರುವುದರೊಡನೆ ಪೂರ್ಣವಾಗಿ ಹೋಲಿಸಬೇಕು. ಆ ಕೀಲಿಯನ್ನು ಪ್ರತ್ಯೇಕ ಕಡತದಲ್ಲಿಟ್ಟು, ಆ ಒಂದು ಭಂಡಾರಕ್ಕೆ ಮಾತ್ರ ಅನ್ವಯಿಸಬೇಕು. ಎಲ್ಲ ಕೀಲಿಗಳನ್ನೂ ಒಂದೇ ಗೊಂಚಲಿಗೆ ಸೇರಿಸಿದರೆ, ಒಬ್ಬರ ಕೀಲಿ ಮತ್ತೊಬ್ಬರ ಭಂಡಾರಕ್ಕೂ ಸಲ್ಲುವ ಅಪಾಯವಿದೆ.

ಮೂರನೆಯದು ಪಟ್ಟಿಯೇ ಕೆಟ್ಟಿರುವುದು. ಸಂಪರ್ಕ ನಡುವೆ ಕಡಿದು ಅದು ಅರ್ಧಕ್ಕೆ ಬಂದಿರಬಹುದು. ಹಳೆಯ ಪಟ್ಟಿಯನ್ನು ಅಳಿಸಿ ಪುನಃ ತರಿಸಬೇಕು. ಬೇರೆ ಸಂಪರ್ಕದಲ್ಲೂ ದೋಷ ಉಳಿದರೆ ಅಲ್ಲಿಗೇ ನಿಲ್ಲಿಸಿ, ಭಂಡಾರದವರಿಗೆ ತಿಳಿಸಬೇಕು.

ಪಾಠದ ಅವಸರದಲ್ಲಿ ಪರೀಕ್ಷೆಯನ್ನೇ ರದ್ದುಮಾಡುವ ಸುಲಭ ಮಾರ್ಗವೂ ಇದೆ. ಅದು ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದ ದುಷ್ಕರ್ಮಿಗಳು, ಹಿಂಬಾಗಿಲು ಸೇರಿಸಿದ ನಕಲಿ ಪ್ರತಿಯನ್ನು ಜನರು ಇಳಿಸಿಕೊಳ್ಳುವಂತೆ ಮಾಡಿದ್ದರು. ಅಧಿಕೃತ ತಾಣವೇ ಮೋಸಹೋದಾಗ ನಮ್ಮನ್ನು ಕಾಯುವುದು ಮೊದಲೇ ನಮ್ಮಲ್ಲಿರುವ ನಿಜವಾದ ಕೀಲಿಯೊಂದೇ. ಶಾಲೆಯ ಯಂತ್ರದಲ್ಲಿ ಮಕ್ಕಳ ಅಂಕಗಳೂ ವಿಳಾಸಗಳೂ ಇರುತ್ತವೆ. ಆದುದರಿಂದ ದೋಷಸೂಚನೆಯನ್ನು ಮುಚ್ಚಿಹಾಕದೆ, ಅದರ ಕಾರಣವನ್ನು ಅರಿತು ಪರಿಹರಿಸುವುದೇ ವಿದ್ಯಾವಂತರ ಲಕ್ಷಣ.